ಎಡಗೈಯ ಕುಳಿ

ಒಹಾಯೊದ ಹೆದ್ದಾರಿ ಬದಿಯ ಪುಟಾಣಿ ಗಾಲ್ಫ್ ಅಂಗಳಕ್ಕೆ ವರ್ನಾ ಹಾಸ್ಕಿನ್ಸ್ ಬಂದದ್ದು ೧೯೭೬ರ ಬೇಸಿಗೆಯ ಒಂದು ಶನಿವಾರ ಮಧ್ಯಾಹ್ನ. ಕೈಯಲ್ಲಿ ಚೆಂಡು ಹೊಡೆಯುವ ಸ್ವಂತ ಕೋಲು. ಅಂಗಳದಲ್ಲಿ ಕೊಡುವ ಕೋಲುಗಳೆಲ್ಲ ಬಲಗೈಯವರಿಗೆ, ವರ್ನಾ ಎಡಚಿ. ಶಾಲೆಯಲ್ಲಿ ಅಡಿಕೋಲಿನಿಂದ ಗೆಣ್ಣಿಗೆ ಹೊಡೆದು ಹೊಡೆದು ಬಲಗೈಯಲ್ಲಿ ಬರೆಯುವುದನ್ನು ಕಲಿಸಿದ್ದರು. ಉಳಿದದ್ದನ್ನೆಲ್ಲ ಅವಳು ಎಡಗೈಯಲ್ಲೇ ಮಾಡಿದಳು.

ಬಾಗಿಲ ಫಲಕದ ಮೇಲೆ ‘ಡೆಲ್ಮರನ ಅಂಗಳ’ ಎಂದಿದೆ. ಡೆಲ್ಮರ್ ಅವಳ ಗಂಡ, ತೀರಿಕೊಂಡು ಮೂರು ವರ್ಷ. ಅವನು ಮಾಡಿದ್ದೆಂದರೆ ನೆಲ ಅಗೆದದ್ದು, ಬಂದವರೊಡನೆ ಹರಟೆ ಹೊಡೆದದ್ದು. ಕುಳಿಗಳ ಮುಂದೆ ಚೆಂಡಿಗೆ ಅಡ್ಡ ನಿಲ್ಲಿಸಿದ ಗೊಂಬೆಗಳು, ಹಳೆ ಬಾಯ್ಲರಿನಿಂದ ಮಾಡಿದ ತಿಮಿಂಗಿಲ, ಸ್ನಾನದ ತೊಟ್ಟಿಯ ಆನೆ, ಚೆಂಡು ನುಂಗಿ ಸೀನುವ ಪಾದ್ರಿ, ಎಲ್ಲ ವರ್ನಾಳ ಕೈಕೆಲಸ. ಜನ ಹೊಗಳಿದಾಗ ಡೆಲ್ಮರ್ ನಾಚಿಕೆಯಿಲ್ಲದೆ ಎಲ್ಲ ತನ್ನದೇ ಎಂದು ಒಪ್ಪಿಕೊಳ್ಳುತ್ತಿದ್ದ. ಹದಿನಾಲ್ಕನೇ ಕುಳಿಯೊಂದನ್ನು ಮಾತ್ರ ಹೆಂಡತಿಯ ತಲೆಗೆ ಕಟ್ಟುತ್ತಿದ್ದ: “ಅದೊಂದು ನಮ್ಮವಳು ಮಾಡಿದ್ದು. ಅಳತೆ ತಪ್ಪಿಬಿಟ್ಲು.”

ಅದು ಸಿಮೆಂಟಿನ ದೊಡ್ಡ ಹಲ್ಲುಸೆಟ್ಟು. ಒಂದು ಹಲ್ಲು ಬಿದ್ದ ಸಂದಿಯಲ್ಲಿ ಚೆಂಡು ನುಗ್ಗಿ ಕುಳಿ ಸೇರಬೇಕು. ಎಡಕ್ಕೆ ಒತ್ತಿಕೊಂಡೇ ಗೋಡೆ. ಚೆಂಡಿನ ಎಡಕ್ಕೆ ನಿಂತು ಹೊಡೆಯುವ ಬಲಗೈಯವರಿಗೆ ಕಾಲೂರಲು ಜಾಗವಿಲ್ಲ. ಒಂದೇ ಹೊಡೆತಕ್ಕೆ ಹಾಕಿದವರಿಗೆ ಗಂಟೆ ಬಾರಿಸಿ, ಪಕ್ಕದ ಹಲಗೆಯ ಮೇಲೆ ಹೆಸರು ಬರೆಯುವುದು ಅಲ್ಲಿನ ಪದ್ಧತಿ. ಇಪ್ಪತ್ತೆರಡು ವರ್ಷದಿಂದ ಹಲಗೆ ಖಾಲಿ. ಅಳತೆಯೇನೂ ತಪ್ಪಿರಲಿಲ್ಲ. ಲೋಕವೆಲ್ಲ ಬಲಗೈಯವರದಾಗಿರುವಾಗ ಒಂದು ಕುಳಿಯಾದರೂ ತನಗಿರಲಿ ಎಂದೇ ಅವಳು ಹಾಗೆ ಕಟ್ಟಿದ್ದಳು. ಟಿಕೆಟ್ ಹರಿಯುತ್ತ, ಸಾಸೇಜ್ ಹುರಿಯುತ್ತ, ತಾನು ಆಡುವುದಕ್ಕೆ ಮಾತ್ರ ಪುರುಸೊತ್ತಾಗಲಿಲ್ಲ.

ಈಗ ಅಂಗಳ ನೋಡಿಕೊಳ್ಳುವವನು ಡೆಲ್ಮರನ ಅಣ್ಣನ ಮಗ ರಸೆಲ್. ಸೋಮವಾರ ಹಲ್ಲುಸೆಟ್ಟು ಒಡೆಸಿ ಅಲ್ಲಿ ಜಲಪಾತ ಮಾಡಿಸುತ್ತಾನಂತೆ. ಈ ಸುದ್ದಿ ಅವಳಿಗೆ ತಿಳಿದದ್ದು ಪಕ್ಕದ ಮನೆಯವಳಿಂದ. ಒಡೆಯುವ ಮುಂಚೆ ಆ ಹಲಗೆಯ ಮೇಲೆ ಒಂದು ದಿನವಾದರೂ ತನ್ನ ಹೆಸರಿರಬೇಕು. ಅವಳು ಬಂದದ್ದು ಅಷ್ಟಕ್ಕೇ.

ಗೋಡೆಯತ್ತ ಮುಖಮಾಡಿ ನಿಂತಳು. ಹೊಡೆದಳು. ಚೆಂಡು ಸಂದಿಯಲ್ಲಿ ನುಗ್ಗಿ ಕುಳಿಗೆ ಬಿತ್ತು. ಆಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ರಸೆಲ್ ಓಡಿಬಂದು ತುಕ್ಕು ಹಿಡಿದ ಗಂಟೆ ಬಾರಿಸಿದ. ಅದೃಷ್ಟ ಅಂದರೆ ಹೀಗಿರಬೇಕು ಎಂದ. ಕುಂಚ ತಂದು, ನಾಲಿಗೆ ಕಚ್ಚಿಕೊಂಡು, ಕೆಂಪು ಬಣ್ಣದಲ್ಲಿ ಅಂದವಾಗಿ ಬರೆದ: ಶ್ರೀಮತಿ ಡೆಲ್ಮರ್ ಹಾಸ್ಕಿನ್ಸ್.

“ನನಗೊಂದು ಹೆಸರಿದೆ, ರಸೆಲ್.”

“ಮರ್ಯಾದೆಗೆ ಹಂಗೇ ತಾನೇ ಬರೆಯೋದು, ಚಿಕ್ಕಮ್ಮ? ಚಿಕ್ಕಪ್ಪನ ಸಮಾಧಿ ಕಲ್ಲಿನ ಮೇಲೆ, ಪಕ್ಕದಲ್ಲಿ ನಿಮ್ಮದನ್ನೂ ಮುಂಚೆಯೇ ಹಂಗೇ ಕೆತ್ತಿಸಿಟ್ಟಿದೀವಲ್ಲ.”

ಅವನ ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ಅದೇ ಅವಳನ್ನು ಕೆರಳಿಸಿತು. ಅವಳು ಹಸಿ ಬಣ್ಣದ ಮೇಲೆ ಎಡಗೈ ಇಟ್ಟು ಈ ತುದಿಯಿಂದ ಆ ತುದಿಗೆ ಒರೆಸಿಬಿಟ್ಟಳು.

ರಸೆಲ್ ಕಕ್ಕಾಬಿಕ್ಕಿಯಾಗಿ, ಹಾಗಾದರೆ ಏನು ಬರೆಯಲಿ ಎಂದು ಕೇಳಿದ.

“ನನ್ನ ಹೆಸರು ನಾನೇ ಹೇಳಿಕೊಡಬೇಕಾದರೆ ಏನೂ ಬೇಡ. ಇದು ಯಾರಿಗೂ ದಕ್ಕಲಿಲ್ಲ ಅಂತಲೇ ಇರಲಿ. ಇದನ್ನೂ ನಿಮ್ಮ ಚಿಕ್ಕಪ್ಪನ ಹೆಸರಿಗೆ ಬಿಟ್ಟುಕೊಡಲ್ಲ.”

ಸೋಮವಾರ ಬೆಳಿಗ್ಗೆ ಹಲ್ಲುಸೆಟ್ಟು ಒಡೆದರು. ಅವಳ ಅಂಗೈಯ ಕೆಂಪು ಹೋಗಲು ಇನ್ನೂ ಎರಡು ದಿನ ಬೇಕಾಯಿತು.