ಹಾವುಮೀನು ಕಳುವಾದ ಕೇಸು

೧೯೬೩ರಲ್ಲಿ ನಾನು ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಹೋಗುವ ದಾರಿಯ ಒಂದು ಸಣ್ಣ ಮೀನುಮರಿ ಕೇಂದ್ರದಲ್ಲಿ ಅಸಿಸ್ಟೆಂಟ್ ಆಗಿದ್ದೆ. ಆ ವರ್ಷ ಅಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಮಾಧಾನದಿಂದ ಹೇಳಲು ನೋಡುತ್ತೇನೆ, ಆಗದಿದ್ದರೆ ಓದುಗರು ಕ್ಷಮಿಸಬೇಕು.

ಕೇಂದ್ರದ ಕಾವಲುಗಾರ ಮುನಿಸ್ವಾಮಿ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಕಲ್ಲು ಕೊರೆದು, ದೂಳು ಕುಡಿದು ಎದೆ ಕೆಡಿಸಿಕೊಂಡವನು. ನಾಲ್ಕು ಮಾತಾಡಿದರೆ ಕೆಮ್ಮು. ಮತ್ತೆ ಗಣಿಗೆ ಇಳಿಯುವಂತಿರಲಿಲ್ಲ, ಹೊಲದ ಕೂಲಿಗೂ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಹೆಂಡತಿ ಮಕ್ಕಳೊಂದಿಗೆ ಕೊಳದ ಪಕ್ಕದ ಶೆಡ್ಡಿನಲ್ಲಿದ್ದ. ಕೆಲಸ ಹೋದರೆ ಶೆಡ್ಡೂ ಹೋಗುತ್ತಿತ್ತು.

ಗೆಂಡೆ ಮೀನಿಗೆ ಪಿಟ್ಯುಟರಿ ಇಂಜೆಕ್ಷನ್, ಅಂದರೆ ಇನ್ನೊಂದು ಮೀನಿನ ಮಿದುಳಿನ ಬುಡದ ಗ್ರಂಥಿಯ ರಸ ಚುಚ್ಚಿ, ಮೊಟ್ಟೆ ಇಡಿಸುವ ವಿದ್ಯೆ ಆಗ ಹೊಸದು. ನಮ್ಮ ಸೂಪರಿಂಟೆಂಡೆಂಟರು ಟ್ರೈನಿಂಗಿನಲ್ಲಿ ಅದನ್ನೊಮ್ಮೆ ನೋಡಿ ಬಂದು ಸಾಕ್ಷಾತ್ ಬ್ರಹ್ಮನೇ ಆಗಿಬಿಟ್ಟಿದ್ದರು. ಹಾವುಮೀನಿಗೆ ಹೊರದೇಶಗಳಲ್ಲಿ ಬೇಡಿಕೆಯಿದೆಯೆಂದು ಎಲ್ಲೋ ಕೇಳಿದವರೇ ಪಾಲಾರ್ ಹೊಳೆಯ ಮಡುಗಳಿಂದ ತೋಳುಗಾತ್ರದ ಹತ್ತು ಹಾವುಮೀನು ಹಿಡಿಸಿ ಕೊಳಕ್ಕೆ ಬಿಡಿಸಿದರು. ಬರುವ ವರ್ಷ ಮರಿ ಕೊಡುತ್ತೇನೆಂದು ಮೇಲಿನವರಿಗೆ ಮಾತೂ ಕೊಟ್ಟರು.

ಹಾವುಮೀನು ಸಿಹಿನೀರಿನಲ್ಲಿ ಮೊಟ್ಟೆ ಇಡುವುದಿಲ್ಲವೆಂದು ನಾನು ಆಗಲೇ ಹೇಳಿದೆ. ಅದು ಹುಟ್ಟುವುದು ಆಳ ಸಮುದ್ರದಲ್ಲಿ. ಮರಿ ಮೊದಲು ಪಾರದರ್ಶಕ ಎಲೆಯಂತೆ ತೇಲುತ್ತದೆ, ಆಮೇಲೆ ಗಾಜಿನ ಎಳೆಯಂತಾಗಿ ನದಿ ಹತ್ತುತ್ತದೆ. ಹೊಳೆ, ಕೆರೆಗಳಲ್ಲಿ ವರ್ಷಗಟ್ಟಲೆ ಬೆಳೆದು, ಕೊನೆಗೆ ಮೊಟ್ಟೆ ಇಡಲು ಸಮುದ್ರಕ್ಕೇ ಮರಳಿ ಅಲ್ಲೇ ಸಾಯುತ್ತದೆ. ಕೋಲಾರಕ್ಕೂ ಸಮುದ್ರಕ್ಕೂ ಏನಯ್ಯಾ ಸಂಬಂಧ ಎಂದು ಅವರು ನಕ್ಕರು. ಪಾಲಾರ್ ಹೋಗಿ ಸೇರುವುದು ಸಮುದ್ರವನ್ನೇ ಎಂದು ಶಾಲೆಯ ಮಕ್ಕಳಿಗೂ ಗೊತ್ತು.

ನವೆಂಬರ್‌ನಲ್ಲಿ ಜಡಿಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ಬಲೆ ಎಳೆಸಿದರೆ ನಾಲ್ಕೇ ಹಾವುಮೀನು. ಕಟ್ಟೆ ಒಡೆದಿರಲಿಲ್ಲ, ತೂಬಿನ ಜಾಲರಿಯೂ ಭದ್ರವಾಗಿತ್ತು. ಮುನಿಸ್ವಾಮಿ ಸಾರು ಮಾಡಿ ತಿಂದಿದ್ದಾನೆ, ಇಲ್ಲವೇ ಗಣಿಯೂರಿಗೆ ಹೋಗುವ ಮಾರಿಕುಪ್ಪಂ ರೈಲಿಗೆ ಹಾಕಿ ಮಾರಲು ಸಾಗಿಸಿದ್ದಾನೆ ಎಂದು ಸೂಪರಿಂಟೆಂಡೆಂಟರು ತೀರ್ಪು ಕೊಟ್ಟೇಬಿಟ್ಟರು. ಶೆಡ್ಡಿನೊಳಗಿನ ಮಡಕೆಗಳ ಮುಚ್ಚಳ ತೆಗೆಸಿ ನೋಡಿದರು. ಮುನಿಸ್ವಾಮಿಯ ಹೆಂಡತಿ ಹೊರಗೆ ತಲೆ ತಗ್ಗಿಸಿ ನಿಂತಿದ್ದಳು. ಒಬ್ಬ ಬಡವನ ಅಡುಗೆಮನೆಗೆ ಕೈ ಹಾಕಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

"ನಾ ಮುಟ್ಟಿಲ್ಲ ಸಾಮಿ," ಎಂದ ಮುನಿಸ್ವಾಮಿ. "ಅದು ಪಾಮು, ಆವು ಇದ್ದಂಗೈತೆ. ನಮ್ಮನೇಲಿ ಯಾರೂ ತಿನ್ನಾಕಿಲ್ಲ."

ಮರುದಿನ ಬೆಳಿಗ್ಗೆ ದನ ಮೇಯಿಸುವ ಗಂಗಮ್ಮ ಒಂದು ಸತ್ತ ಹಾವನ್ನು ಕೋಲಿಗೆ ನೇತುಹಾಕಿಕೊಂಡು ಬಂದಳು. "ರಾಗಿ ಒಲದಾಗೆ ಓಯ್ತಿತ್ತು, ಬಡ್ದಾಕ್ದೆ. ಕಿವಿ ತಾವ ರೆಕ್ಕೆ ಐತೆ, ಇದ್ಯಾವ ಆವು ಸಾಮಿ?"

ಅದು ನಮ್ಮದೇ ಹಾವುಮೀನು. ಆ ಹೊಲವಿದ್ದದ್ದು ಕೊಳದ ಕೆಳಗೆ, ಪಾಲಾರ್‌ಗೆ ಸೇರುವ ಹಳ್ಳದ ದಿಕ್ಕಿಗೆ. ಚರ್ಮ ಒದ್ದೆಯಾಗಿದ್ದರೆ ಈ ಮೀನು ಚರ್ಮದಿಂದಲೂ ಉಸಿರಾಡುತ್ತದೆ, ಹಸಿ ಹುಲ್ಲಿನ ಮೇಲೆ ತೆವಳುತ್ತದೆ. ಸೂಪರಿಂಟೆಂಡೆಂಟರ ಮುಂದೆಯೇ ಅದನ್ನು ಕೊಯ್ದು ತೋರಿಸಿದೆ. ಹೊಟ್ಟೆಯ ಬಣ್ಣ ಬೆಳ್ಳಿಗೆ ತಿರುಗಿತ್ತು, ಕಣ್ಣು ದೊಡ್ಡದಾಗಿತ್ತು, ಕರುಳು ಸುರುಟಿ ದಾರದಂತಾಗಿತ್ತು. ಸಮುದ್ರಕ್ಕೆ ಹೊರಟ ಹಾವುಮೀನು ಊಟ ಬಿಡುತ್ತದೆ. ಇದು ಯಾರೂ ಕದ್ದದ್ದಲ್ಲ, ತಾನೇ ಹೊರಟದ್ದು ಎಂದೆ.

ಅವರಿಗೆ ಅರ್ಥವಾಯಿತು. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಹೇಳಿದರು: "ಸರಿ, ಕದ್ದಿಲ್ಲ. ತಪ್ಪಿಸಿಕೊಳ್ಳೋಕೆ ಬಿಟ್ಟಿದ್ದಾನೆ. ಮತ್ತೆ ಕಾವಲುಗಾರ ಯಾಕಿರೋದು?"

ಸಂಜೆಯೊಳಗೆ ಮುನಿಸ್ವಾಮಿಯ ಕೆಲಸ ಹೋಯಿತು. ಕಾವಲುಗಾರನ ಅಲಕ್ಷ್ಯದಿಂದ ಮರಿ ಮಾಡಿಸುವ ಯೋಜನೆ ಕೆಟ್ಟಿತೆಂದು ಮೇಲಿನವರಿಗೆ ವರದಿ ಹೋಯಿತು. ನೂರು ವರ್ಷ ಕಾದರೂ ಆ ಕೊಳದಲ್ಲಿ ಒಂದು ಮರಿಯೂ ಹುಟ್ಟುತ್ತಿರಲಿಲ್ಲ! ನಾನು ಕೂಗಾಡಿದೆ. ಅದರಿಂದ ಆದದ್ದು ನನ್ನ ವರ್ಗಾವಣೆ ಮಾತ್ರ.

ಗಾಡಿಗೆ ಮಡಕೆ ಚಾಪೆ ಏರಿಸುತ್ತಿದ್ದ ಮುನಿಸ್ವಾಮಿಯನ್ನು ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದೆ. ಕೆಮ್ಮು ನಿಲ್ಲುವವರೆಗೆ ಗಾಡಿಯ ಗೂಟ ಹಿಡಿದು ನಿಂತ.

"ಆ ಮೀನುಗಾದ್ರೂ ಓಗಾಕೆ ಒಂದು ಜಾಗ ಐತೆ ಸಾಮಿ," ಎಂದ.

ನಿಜ ತೋರಿಸಿಕೊಟ್ಟರೆ ಸಾಕು, ನಿರಪರಾಧಿ ಉಳಿಯುತ್ತಾನೆಂದು ಅಲ್ಲಿಯವರೆಗೆ ನಂಬಿದ್ದೆ. ಆಮೇಲಿನ ನೌಕರಿಯುದ್ದಕ್ಕೂ, ಯಾವ ವಿಚಾರಣೆಗೆ ಕೂತರೂ, ತಪ್ಪು ಯಾರದೆಂದು ಹುಡುಕುವ ಮೊದಲು ಈ ವಿಚಾರಣೆಯಿಂದ ಯಾರ ಕುರ್ಚಿ ಉಳಿಯುತ್ತದೆಂದು ನೋಡಿದೆ.