ತಾತನ ಚಿತ್ರದ ಪುಸ್ತಕಕ್ಕೆ ಇಟ್ಟ ಕುಂಕುಮ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಸೊಸೆಯ ಕೈಯಲ್ಲಿ ಎಣ್ಣೆ ಬಟ್ಟೆ ನೋಡಿ, ಒಲೆಯ ಮೇಲಿನ ಸಾರು ಬಿಟ್ಟು ಓಡಿದೆ.

ನಮ್ಮ ಯಜಮಾನರ ತಾತ ಬೊಂಬೆಗಳ ಚಿತ್ರ ಬರೆದಿಡುತ್ತಿದ್ದ ಹಳೆಯ ಪುಸ್ತಕ ದೇವರ ಗೂಡಿನಲ್ಲಿದೆ. ಅದರ ಹೊದಿಕೆ ಅರಗು ಬಳಿದ ಮರದ ಹಲಗೆ. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದಾಗಿನಿಂದ ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದೇನೆ. ಆ ಕುಂಕುಮದ ಅಡಿಯಲ್ಲಿ ಏನಿದೆ ಎಂದು ನೋಡಿದವಳಲ್ಲ. ಇವತ್ತು ಗಾರ್ಮೆಂಟ್ಸ್‌ಗೆ ರಜೆ ಎಂದು ಸೊಸೆ ಅದನ್ನು ಒರೆಸಿ, ಹೊಸ ಕ್ಯಾಮೆರಾದಲ್ಲಿ ಫೋಟೋ ತೆಗೆಯಲು ಹೊರಟಿದ್ದಳು.

"ಅಯ್ಯೋ, ಎಷ್ಟು ವರ್ಸದ ಪೂಜೆ ತೊಳ್ದಾಕ್ಬುಟ್ಯಲ್ಲೇ!" ಎಂದೆ.

"ಬೈಬ್ಯಾಡಿ ಅತ್ತೆ. ಒಸಿ ಬಗ್ಗಿ ನೋಡಿ, ಗಿಳಿ ಐತೆ!"

ಯಜಮಾನರು ಬೊಂಬೆ ಕಡೆಯುವ ಮೆಷಿನ್ ನಿಲ್ಲಿಸಿ ಬಂದರು. ಅರಗಿಗೆ ಹೊಳಪು ಕೊಡುವ ಕೇದಿಗೆ ಗರಿಯಿಂದ ಹಲಗೆಯನ್ನು ಮೆಲ್ಲಗೆ ಉಜ್ಜಿದರು. ಹಸಿರು ಬಳ್ಳಿ ಎದ್ದು ಬಂತು, ಹೂವು ಬಂತು. ಕಿಟಕಿಯ ಬಿಸಿಲಿಗೆ ಗಿಳಿ ನೀರಿನೊಳಗಿಂದ ನನ್ನನ್ನೇ ನೋಡುತ್ತಿರುವಂತೆ ಕಂಡಿತು. ಎಷ್ಟು ಹೊತ್ತು ಕೂತಿದ್ದೆನೋ, ಸಾರು ಸೀದ ವಾಸನೆಗೆ ಎಚ್ಚರವಾಯಿತು.

"ಇನ್ನು ಕುಂಕುಮ ಎಲ್ಲಿಗಿಡ್ಲಿ?" ಎಂದೆ.

"ದ್ಯಾವ್ರೇನು ಓಡೋಗಿಲ್ಲ ಕಣೇ. ಹಿಂದ್ಗಡೆ ಹಲ್ಗೆಗಿಡು" ಎಂದರು.

ತಿರುಗಿಸಿದರೆ ಅಲ್ಲೂ ಒಂದು ಗಿಳಿ! ನಾಳೆ ಶುಕ್ರವಾರ. ಎಲ್ಲಿಗಿಡಲಿ ಎಂದು ಅವೆರಡನ್ನೇ ಕೇಳುತ್ತೇನೆ. ಹೇಗೂ ಗಿಳಿಗಳಲ್ಲವೇ, ಹೇಳಿಯಾವು.