ಇದೋ-ಅದೋ ಮತ್ತು ಎರಡು ಮಲಗುಚೀಲ

ಕನ್ನಡಕದಂಗಡಿಯವನನ್ನು ಬೀದಿಯವರೆಲ್ಲ 'ಇದೋ-ಅದೋ' ಎಂದೇ ಕರೆಯುತ್ತಿದ್ದರು. ಹಿಂದಿನ ಕತ್ತಲೆ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಮೂಗಿಗೆ ಭಾರದ ಚೌಕಟ್ಟು ಏರಿಸಿ, ಗಾಜು ಬದಲಿಸುತ್ತ "ಇದೋ, ಅದೋ?" ಎಂದು ಕೇಳುವುದೇ ಅವನ ಕಸುಬು. ಗಿರಾಕಿ ಪಾಪ, ಎರಡೂ ಒಂದೇ ಥರ ಕಾಣುತ್ತಿದೆ ಎಂದು ತಡವರಿಸಿದರೆ ಅವನ ಮುಖ ಅರಳುತ್ತಿತ್ತು. ಎರಡೂ ಒಂದೇ ಎನಿಸಿದರೆ ಪರೀಕ್ಷೆ ಮುಗಿಯಿತೆಂದೇ ಲೆಕ್ಕ ಎಂದು ಸಮಾಧಾನ ಹೇಳಿ ಚೀಟಿ ಬರೆದುಕೊಡುತ್ತಿದ್ದ.

ಊರಿನವರಿಗೆಲ್ಲ ಆರಿಸುವುದನ್ನು ಕಲಿಸಿದ ಈ ಮಹಾನುಭಾವ ತಾನು ಮಾತ್ರ ಜನ್ಮದಲ್ಲಿ ಒಂದು ತೀರ್ಮಾನ ಮಾಡಿದವನಲ್ಲ. ಹಳದಿಯೋ ನೀಲಿಯೋ ಎಂದು ಮೀನಮೇಷ ಎಣಿಸುತ್ತಿರುವಾಗಲೇ ಮನೆಯ ಗೋಡೆಗಳು ಸಿಮೆಂಟಿನ ಬಣ್ಣದಲ್ಲಿ ಮುದಿಯಾದವು. ಮದುವೆಯೊಂದು ಹೇಗೋ ಆಯಿತು. ಅವನ ತಾಯಿ ಜಾಣೆ, ತೋರಿಸಿದ್ದೇ ಒಂದು ಹೆಣ್ಣು.

ಆ ಹೆಂಡತಿ ಅಂಗಡಿಯ ಮುಂಭಾಗದಲ್ಲಿ ಫ್ರೇಮು ಮಾರುತ್ತಿದ್ದಳು. ಇದು ನಿಮಗೆ ಒಪ್ಪುತ್ತದೆ ಎಂದು ಅವಳು ಹೇಳಿದರೆ ಗಿರಾಕಿ ಕನ್ನಡಿ ಕೂಡ ನೋಡುತ್ತಿರಲಿಲ್ಲ. ಅವಳಿಗಿದ್ದ ಆಸೆ ಒಂದೇ: ಗುಡ್ಡದ ಮೇಲೆ ಡೇರೆಯಲ್ಲಿ, ಗಂಡನ ಜೊತೆ, ಒಂದು ರಾತ್ರಿ ಮಲಗಿ ಬೆಳಗು ನೋಡುವುದು. ಅವಳ ಅಕ್ಕ-ಭಾವ ಪ್ರತಿ ಚಳಿಗಾಲ ಕರೆಯುತ್ತಿದ್ದರು. ಡೇರೆ ಅವರದೇ, ಇವರು ತರಬೇಕಾದದ್ದು ಒಳಗೆ ತೂರಿಕೊಂಡು ಮಲಗುವ ಸ್ಲೀಪಿಂಗ್ ಬ್ಯಾಗು, ಅಂದರೆ ಮಲಗುಚೀಲ ಮಾತ್ರ.

ಅಲ್ಲೇ ಗಾಡಿ ಹೂತುಕೊಳ್ಳುತ್ತಿತ್ತು. ಮೊದಲ ವರ್ಷ ಚೀಲ ಮಾರುವ ಅಂಗಡಿಯವನು 'ಡೌನ್' ತೋರಿಸಲೇ ಎಂದಾಗ ಇವನು ಗತ್ತಿನಿಂದ, ನಮಗೆ ಡೌನ್ ಬೇಡ, ಸ್ವಲ್ಪ ಮೇಲಿನ ದರ್ಜೆಯದು ತೋರಿಸಿ ಎಂದಿದ್ದ. ಡೌನ್ ಎಂದರೆ ಬಾತುಕೋಳಿಯ ಎದೆಯ ತುಪ್ಪುಳ, ಅಂಗಡಿಯಲ್ಲಿ ಅದಕ್ಕಿಂತ ಮೇಲಿನದು ಇಲ್ಲ ಎಂದು ಗೊತ್ತಾದಾಗ ಚಳಿಗಾಲವೇ ನಾಚಿಕೆಯಲ್ಲಿ ಕಳೆಯಿತು. ಆಮೇಲಿನ ವರ್ಷಗಳು ಚಿಂತನೆಗೆ ಮೀಸಲು. ತುಪ್ಪುಳದ್ದು ಹಗುರ, ಬೆಚ್ಚಗೆ, ಮಡಚಿದರೆ ಕುಂಬಳಕಾಯಿಯಷ್ಟು. ಆದರೆ ಒದ್ದೆಯಾದರೆ ಮುದ್ದೆ. ಸಿಂಥೆಟಿಕ್ಕು ಒದ್ದೆಯಾದರೂ ಬೆಚ್ಚಗಿರುತ್ತದೆ, ಆದರೆ ಹೊರುವವರ ಬೆನ್ನು ಮುರಿಯುತ್ತದೆ. ಇಬ್ಬನಿ ಬಿದ್ದರೆ? ಬೀಳದಿದ್ದರೆ ಭಾರ ಯಾಕೆ ಹೊರಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಇವನು ಹಾಸಿಗೆಯನ್ನೇ ಕೊಳ್ಳದೆ ಕಾಲು ಮಡಚಿ ಕೂತ.

ಈ ವರ್ಷ ಅಕ್ಕನ ಮಂಡಿ ಕೈಕೊಟ್ಟಿತ್ತು. ಗುಡ್ಡ ಹತ್ತುವುದು ಇದೇ ಕೊನೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ನೀವು ಬಂದ್ರೂ ಸರಿ, ಬರದಿದ್ರೂ ಸರಿ. ಈ ಸಲ ನಾನು ಹೋಗ್ತೀನಿ," ಎಂದಳು ಹೆಂಡತಿ. ದನಿ ಏರಿಸಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು. ಓಡಿಹೋಗಿ ಎರಡೂ ಬಗೆಯ ಚೀಲ ಒಂದೊಂದು ತಂದ, ನೋಡಿ ತೀರ್ಮಾನಿಸುತ್ತೇನೆಂದು.

ಹೊರಡುವ ದಿನವೂ ಕತ್ತಲೆ ಕೋಣೆಯಲ್ಲಿ ಎರಡನ್ನೂ ಹರಡಿಕೊಂಡು ಸವರುತ್ತಿದ್ದ. ಅವಳು ಒಳಗೆ ಬಂದು ಅವನನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿದಳು. ಮೂಗಿಗೆ ಅದೇ ಚೌಕಟ್ಟು ಏರಿಸಿ, ಎರಡೂ ಕಣ್ಣಿಗೆ ಕಪ್ಪು ಬಿಲ್ಲೆ ಸಿಕ್ಕಿಸಿದಳು. ಅವನ ಕೈಯನ್ನು ಒಂದು ಚೀಲದೊಳಗೆ ತೂರಿಸಿ, ಆಮೇಲೆ ಇನ್ನೊಂದರಲ್ಲಿ ತೂರಿಸಿ, "ಇದೋ, ಅದೋ?" ಎಂದಳು.

ಬಹಳ ಹೊತ್ತು ತಡಕಾಡಿದ. "ಎರಡೂ ಒಂದೇ ಥರ ಬೆಚ್ಚಗಿದೆ ಕಣೆ."

"ಹಾಗಾದ್ರೆ ಪರೀಕ್ಷೆ ಮುಗೀತು."

ಚೀಲ ಸುತ್ತುವ ಸದ್ದು ಕೇಳಿಸಿತು. ಅವನು ಚೌಕಟ್ಟು ತೆಗೆಯುವಷ್ಟರಲ್ಲಿ ಎರಡರಲ್ಲಿ ಒಂದು ಚೀಲ ಇಲ್ಲ, ಹೆಂಡತಿಯೂ ಇಲ್ಲ. ಆರಿಸಲು ಈಗ ಉಳಿದದ್ದೇ ಒಂದು. ಅವನ ಎದೆ ಹಗುರಾಯಿತು. ಅದನ್ನು ಅವುಚಿಕೊಂಡು ಬೀದಿಗೆ ಓಡಿದ. ಷಡ್ಡಕನ ಕಾರು ನಿಂತಿತ್ತು. ಹಿಂದೆ ಅಕ್ಕ-ತಂಗಿಯರ ಪಕ್ಕ ಜಾಗವಿತ್ತು, ಮುಂದಿನ ಸೀಟೂ ಖಾಲಿ. ಹೆಂಡತಿ ಬಾಗಿಲು ತೆರೆದು ಹಿಡಿದಿದ್ದಳು.

ಅವನು ಒಂದು ಗಳಿಗೆ ನಿಂತ. "ಮುಂದೆ ಕೂರ್ಲೋ, ಹಿಂದೆ ಕೂರ್ಲೋ?"

ಅವಳು ಬಾಗಿಲು ಎಳೆದುಕೊಂಡಳು. "ನಡೀರಿ ಭಾವ."

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಇದೋ-ಅದೋ ತನ್ನ ಕೈಯಲ್ಲಿದ್ದುದನ್ನು ನೋಡಿದ. ತುಪ್ಪುಳದ್ದು. ಹಗುರಾದದ್ದನ್ನು ಅವನಿಗೆ ಬಿಟ್ಟು, ಭಾರದ್ದನ್ನು ಅವಳೇ ಎತ್ತಿಕೊಂಡು ಹೋಗಿದ್ದಳು.